ಕೂಲಿಯಾಳಿಗೆ ಅಂಗಹಾನಿಯಾದಾಗ ಪರಿಹಾರಧನವೂ ಸರ್ಕಾರದ ಮಾಸಾಶನವೂ

(ಒಬ್ಬ ಕೃಷಿ ಇನ್ಸ್‌ಪೆಕ್ಟರ್, ಎಲ್.ಏಜಿ., ಬರೆದುದು)

ಸುಗ್ಗಿಯ ಕಾಲವು ಸಮೀಪಿಸಿತು. ಹಿಂದೆ ಕಣದಲ್ಲಿ ಎತ್ತುಗಳು ರೋಣಗಲ್ಲನ್ನು ಎಳೆಯುತ್ತಿದ್ದ ಕಡೆಯಲ್ಲೆಲ್ಲಾ ಈಗ ಒಕ್ಕಣೆ ಯಂತ್ರವು ಬಂದು ನಿಂತಿದೆ. ಹತ್ತು ಆಳು ಎರಡು ದಿನ ಮಾಡುತ್ತಿದ್ದ ಕೆಲಸವನ್ನು ಅದು ಕೆಲವು ಗಂಟೆಗಳಲ್ಲಿ ಮುಗಿಸುವುದು. ಇದು ಸಂತೋಷದ ವಿಷಯವೇ. ಆದರೆ ರಾಗಿಯ ತೆನೆಗೂ ಮನುಷ್ಯನ ಬೆರಳಿಗೂ ಇರುವ ಭೇದವು ಯಂತ್ರಕ್ಕೆ ತಿಳಿಯದು. ಪ್ರತಿವರ್ಷವೂ ಈ ತಿಂಗಳುಗಳಲ್ಲಿ ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ಆಲೆಮನೆಯ ಗಾಣ, ಟ್ರಾಕ್ಟರು ಇವುಗಳಿಗೆ ಸಿಕ್ಕಿ ಕೈಕಾಲು ಕಳೆದುಕೊಂಡವರ ಸಂಗತಿಯು ನಮ್ಮ ಕಿವಿಗೆ ಬೀಳುತ್ತಲೇ ಇರುವುದು.

ಹೀಗೆ ಅಂಗಹೀನನಾದವನಿಗೆ ಎರಡು ಕಡೆಯಿಂದ ಸಹಾಯ ದೊರೆಯಬಹುದು. ಕೆಲಸಕ್ಕೆ ಕರೆದ ಯಜಮಾನನಿಂದ ಪರಿಹಾರಧನವು ಒಂದು. ಸರ್ಕಾರದಿಂದ ಅಂಗವಿಕಲರ ಮಾಸಾಶನವು ಮತ್ತೊಂದು. ಒಂದನ್ನು ಪಡೆದರೆ ಮತ್ತೊಂದು ತಪ್ಪಿಹೋಗುವುದೇ? ಈ ಪ್ರಶ್ನೆಗೆ ಹಳ್ಳಿಗಳಲ್ಲಿ ಕೊಡುವ ಉತ್ತರವು ಬಹುಮಟ್ಟಿಗೆ ತಪ್ಪಾಗಿರುವುದನ್ನು ಕಂಡು, ಗ್ರಾಮದ ಮುಖಂಡರ ಮತ್ತು ಭೂಮಾಲೀಕರ ತಿಳಿವಳಿಕೆಗಾಗಿ ಈ ಲೇಖನವನ್ನು ಬರೆಯಲಾಗಿದೆ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನನ್ನ ಹೋಬಳಿಯ ಒಂದು ಗ್ರಾಮದಲ್ಲಿ, ರಾಗಿ ಒಕ್ಕುವಾಗ, ಸುಮಾರು ಮೂವತ್ತು ವಯಸ್ಸಿನ ಕೂಲಿಯಾಳೊಬ್ಬನ ಬಲಗೈ ಯಂತ್ರದ ಬಾಯಿಗೆ ಸಿಕ್ಕಿ ಮಣಿಕಟ್ಟಿನವರೆಗೆ ಹೋಯಿತು. ಹೊಲದ ಯಜಮಾನರು ಕೆಟ್ಟವರಲ್ಲ. ತಾವೇ ಗಾಡಿ ಮಾಡಿ ಆಸ್ಪತ್ರೆಗೆ ಸಾಗಿಸಿ ಖರ್ಚನ್ನು ಕೊಟ್ಟರು. ಆಮೇಲೆ ಊರ ಹಿರಿಯರು ಸೇರಿ, "ಸರ್ಕಾರದ ಮಾಸಾಶನ ಹೇಗೂ ಬರುತ್ತದೆ, ಯಜಮಾನರಿಂದಲೂ ಪರಿಹಾರ ತೆಗೆದುಕೊಂಡೆಯಾದರೆ ಅದು ನಿಂತುಹೋಗುತ್ತದೆ, ಇಷ್ಟಕ್ಕೆ ತೃಪ್ತನಾಗಪ್ಪ" ಎಂದು ಬುದ್ಧಿ ಹೇಳಿ, ಒಂದು ಸಣ್ಣ ಮೊತ್ತವನ್ನು ಕೊಡಿಸಿ, ಛಾಪಾ ಕಾಗದದ ಮೇಲೆ ಅವನ ಎಡಗೈ ಹೆಬ್ಬೆಟ್ಟನ್ನು ಒತ್ತಿಸಿಕೊಂಡರು. ಆ ಸಭೆಯಲ್ಲಿ ನಾನೂ ಇದ್ದೆನು. ಹಿರಿಯರು ಹೇಳಿದ್ದು ನಿಜವೆಂದೇ ನಾನೂ ನಂಬಿ ತಲೆಯಾಡಿಸಿದೆನು.

ಒಂದೂವರೆ ವರ್ಷವಾದ ಮೇಲೆ ತಾಲ್ಲೂಕು ಕೇಂದ್ರದ ವಕೀಲರೊಬ್ಬರ ಸಂಗಡ ಮಾತನಾಡುತ್ತಿರುವಾಗ ಈ ಸಂಗತಿಯು ಬಂದಿತು. ಅವರು, "ನೀವು ಆ ಬಡವನಿಗೆ ಅನ್ಯಾಯವನ್ನು ಮಾಡಿದಿರಿ, ಇನ್ನೂ ಅವಧಿ ಮೀರಿಲ್ಲ, ಹೋಗಿ ಹೇಳಿರಿ" ಎಂದರು. ನಾನು ಹೋಗಿ ಹೇಳಿದೆನು. ದಾವೆಯು ನಡೆದು ಪರಿಹಾರವು ನಿಗದಿಯಾಯಿತು. ಯಜಮಾನರು ವಿಮೆಯನ್ನು ಮಾಡಿಸಿರಲಿಲ್ಲವಾದ್ದರಿಂದ, ಬಡ್ಡಿಸಹಿತ ಕೊಡಲು ಜಮೀನನ್ನು ಆಧಾರ ಮಾಡಿ ಸಾಲ ಎತ್ತಬೇಕಾಯಿತು. ಮೊದಲೇ ವಿಷಯವು ತಿಳಿದಿದ್ದರೆ ಎರಡು ಮನೆಗಳ ಕಷ್ಟವೂ ಬಹುಮಟ್ಟಿಗೆ ತಪ್ಪುತ್ತಿದ್ದಿತು. ನನ್ನ ಅಜ್ಞಾನದಿಂದಾದ ಈ ತಪ್ಪು ಬೇರೊಬ್ಬರಿಂದ ಆಗದಿರಲೆಂಬುದೇ ನನ್ನ ಉದ್ದೇಶ.

1. ಪರಿಹಾರಧನದ ಸ್ವರೂಪ

ಕೆಲಸ ಮಾಡುವಾಗ, ಆ ಕೆಲಸದ ನಿಮಿತ್ತ, ಆಕಸ್ಮಿಕವಾಗಿ ಆದ ಗಾಯಕ್ಕೆ ಯಜಮಾನನು ಹೊಣೆಯೆಂಬ ತತ್ತ್ವವು ನಮ್ಮ ದೇಶದಲ್ಲಿ 1923ನೆಯ ಇಸವಿಯ ಕಾರ್ಮಿಕರ ಪರಿಹಾರ ಕಾಯಿದೆಯಿಂದ ಸ್ಥಾಪಿತವಾಯಿತು. ಆ ಕಾಯಿದೆಯ ಸ್ಥಾನಕ್ಕೆ 2020ನೆಯ ಇಸವಿಯ ಸಾಮಾಜಿಕ ಭದ್ರತಾ ಸಂಹಿತೆಯು ಬಂದು, 2025ನೆಯ ಇಸವಿ ನವೆಂಬರ್ 21ನೆಯ ತಾರೀಖಿನಿಂದ ಜಾರಿಯಲ್ಲಿದೆ. ಹಳೆಯ ಕಾಯಿದೆಯ ಮುಖ್ಯ ತತ್ತ್ವಗಳು ಹೊಸದರಲ್ಲಿಯೂ ಉಳಿದಿವೆ. ಟ್ರಾಕ್ಟರಿನಿಂದಾಗಲಿ, ಎಂಜಿನ್ನು ಅಥವಾ ವಿದ್ಯುತ್ತಿನಿಂದ ನಡೆಯುವ ಬೇರೆ ಯಂತ್ರಗಳಿಂದಾಗಲಿ ಬೇಸಾಯ ಮಾಡುವ ಕೆಲಸದಲ್ಲಿರುವವರು ಇದರ ರಕ್ಷಣೆಗೆ ಒಳಪಟ್ಟವರೆಂಬುದನ್ನು ಭೂಮಾಲೀಕರು ವಿಶೇಷವಾಗಿ ಗಮನಿಸಬೇಕು. ಮನೆಯಿಂದ ಕೆಲಸದ ಸ್ಥಳಕ್ಕೆ ಹೋಗಿಬರುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೆ ಸಂಬಂಧಪಟ್ಟುದಾದರೆ, ಹೊಸ ಸಂಹಿತೆಯಲ್ಲಿ ಸೇರಿರುವುದು.

"ಆಳು ಎಚ್ಚರ ತಪ್ಪಿದನು, ನಾನೇಕೆ ಕೊಡಬೇಕು?" ಎಂಬ ವಾದವು ಇಲ್ಲಿ ನಡೆಯುವುದಿಲ್ಲ. ಕುಡಿದ ಅಮಲಿನಿಂದಲೋ, ರಕ್ಷಣೆಗಾಗಿ ಇಟ್ಟ ನಿಯಮವನ್ನು ಬೇಕೆಂದೇ ಮೀರಿದುದರಿಂದಲೋ, ಯಂತ್ರದ ರಕ್ಷಣಾ ಮುಚ್ಚಳವನ್ನು ಬೇಕೆಂದೇ ತೆಗೆದುದರಿಂದಲೋ ಗಾಯವಾದರೆ ಮಾತ್ರ ಯಜಮಾನನಿಗೆ ವಿನಾಯಿತಿಯುಂಟು. ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗಹಾನಿ ಸಂಭವಿಸಿದಲ್ಲಿ ಆ ವಿನಾಯಿತಿಯೂ ಇಲ್ಲ. ಯಂತ್ರವು ಬಾಡಿಗೆಯದೆಂಬ ಮಾತ್ರಕ್ಕೆ ಭೂಮಾಲೀಕನು ಪಾರಾಗುವಂತಿಲ್ಲ. ತನ್ನ ಕಸುಬಿನ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು ಮೊದಲು ತಾನು ಪರಿಹಾರವನ್ನು ಕೊಟ್ಟು, ಅನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕಾಗಬಹುದು.

2. ಮೊತ್ತವನ್ನು ಎಣಿಸುವ ಕ್ರಮ

ಪರಿಹಾರವು ಯಜಮಾನನ ದಯೆಯನ್ನಾಗಲಿ ಊರಿನವರ ಅಂದಾಜನ್ನಾಗಲಿ ಅವಲಂಬಿಸಿದುದಲ್ಲ. ಅದಕ್ಕೆ ಮೂರು ಅಂಕಿಗಳು ಬೇಕು: ತಿಂಗಳ ಕೂಲಿ, ವಯಸ್ಸಿಗೆ ತಕ್ಕ ಗುಣಕ, ದುಡಿಯುವ ಶಕ್ತಿಯಲ್ಲಿ ಆದ ನಷ್ಟದ ಶೇಕಡಾ ಪ್ರಮಾಣ.

ಗುಣಕವು 20 ವರ್ಷದವನಿಗೆ 224.00, 30 ವರ್ಷದವನಿಗೆ 207.98, 40 ವರ್ಷದವನಿಗೆ 184.17, 50 ವರ್ಷದವನಿಗೆ 153.09. ಪೂರ್ಣ ಅಂಗಹಾನಿಗೆ ತಿಂಗಳ ಕೂಲಿಯಲ್ಲಿ ನೂರಕ್ಕೆ 60 ಪಾಲನ್ನೂ, ಮರಣಕ್ಕೆ ನೂರಕ್ಕೆ 50 ಪಾಲನ್ನೂ ಈ ಗುಣಕದಿಂದ ಗುಣಿಸತಕ್ಕದ್ದು. ಭಾಗಶಃ ಅಂಗಹಾನಿಯಾದರೆ ಅನುಸೂಚಿಯಲ್ಲಿ ಹೇಳಿರುವ ಶೇಕಡಾ ಪ್ರಮಾಣದಷ್ಟೇ ಸಲ್ಲುವುದು. ಒಂದು ಕೈ ಹೋದರೆ 60, ಹೆಬ್ಬೆರಳು ಹೋದರೆ 30, ಒಂದು ಕೈಯ ಎರಡು ಬೆರಳು ಹೋದರೆ 20, ತೋಳು ಭುಜದ ಕೀಲಿನಿಂದಲೇ ಹೋದರೆ 90.

ಉದಾಹರಣೆ: 30 ವರ್ಷ ವಯಸ್ಸಿನ, ತಿಂಗಳಿಗೆ 10,000 ರೂಪಾಯಿ ಕೂಲಿಯುಳ್ಳ ಆಳು ಒಂದು ಕೈಯನ್ನು ಕಳೆದುಕೊಂಡನೆಂದು ಭಾವಿಸೋಣ.

ಕೂಲಿಯ ನೂರಕ್ಕೆ 60 ಪಾಲು: 6,000 ರೂ.
ಅದನ್ನು 207.98ರಿಂದ ಗುಣಿಸಲು: 12,47,880 ರೂ.
ಅದರಲ್ಲಿ ನೂರಕ್ಕೆ 60: 7,48,728 ರೂ.

ಕೆಲವು ಕಾಲದ ಮಟ್ಟಿಗೆ ಮಾತ್ರ ದುಡಿಯಲಾಗದಿದ್ದರೆ, ಪ್ರತಿ ಅರ್ಧ ತಿಂಗಳಿಗೆ ಕೂಲಿಯ ನಾಲ್ಕನೆಯ ಒಂದು ಪಾಲು, ಎಂದರೆ ಇದೇ ಆಳಿಗೆ 2,500 ರೂಪಾಯಿ, ಸಲ್ಲಬೇಕು. ಆಸ್ಪತ್ರೆಯ ಖರ್ಚನ್ನು ಯಜಮಾನನು ಇದಲ್ಲದೆ ಕೊಡಬೇಕಾದುದು. ಔಷಧಕ್ಕೆ ಕೊಟ್ಟ ಹಣವನ್ನು ಪರಿಹಾರದ ಲೆಕ್ಕದಲ್ಲಿ ಮುರಿದುಕೊಳ್ಳುವಂತಿಲ್ಲ.

3. ಮಾಸಾಶನದ ಸ್ವರೂಪ

ಮಾಸಾಶನವು ಯಾರ ತಪ್ಪನ್ನೂ ಯಾರ ಹೊಣೆಯನ್ನೂ ವಿಚಾರಿಸದು. ಹುಟ್ಟು ಕುರುಡನಿಗೂ ಯಂತ್ರದಿಂದ ಕೈ ಹೋದವನಿಗೂ ಅದು ಒಂದೇ. ಅದಕ್ಕೆ ಬೇಕಾದುವು ಎರಡು: ನಿಗದಿಯಾದ ಪ್ರಮಾಣದ ಅಂಗವೈಕಲ್ಯ, ಬಡತನ. 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಕಾಯಿದೆಯು ನೂರಕ್ಕೆ 40 ವೈಕಲ್ಯವನ್ನು ಆಧಾರ ಪ್ರಮಾಣವಾಗಿ ಇಟ್ಟಿದೆ. ಕೇಂದ್ರ ಸರ್ಕಾರವು 2009ರಲ್ಲಿ ಆರಂಭಿಸಿದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಗೆ ನೂರಕ್ಕೆ 80 ವೈಕಲ್ಯವೂ ಬಡತನದ ರೇಖೆಯ ಕೆಳಗಿರುವುದೂ ಅವಶ್ಯ. ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಕರ್ನಾಟಕ ಸರ್ಕಾರದವರು ಅದಕ್ಕಿಂತ ಕಡಿಮೆ ವೈಕಲ್ಯವುಳ್ಳವರಿಗೂ ಸೇರಿಸಿ ತಮ್ಮ ಮಾಸಾಶನವನ್ನು ಕೊಡುತ್ತಿದ್ದಾರೆ. ದರ್ಖಾಸ್ತನ್ನು ನಾಡಕಛೇರಿಯಲ್ಲಿ ಕೊಡತಕ್ಕದ್ದು. ಮಂಜೂರು ಮಾಡತಕ್ಕವರು ತಹಶೀಲ್ದಾರರು. ಕುಟುಂಬದ ವಾರ್ಷಿಕ ಆದಾಯವನ್ನು ನೋಡಿಯೇ ಮಂಜೂರು ಮಾಡುವರು.

ಆದುದರಿಂದ ಪರಿಹಾರವು ಕಳೆದುಹೋದ ಅಂಗಕ್ಕೆ ಬದಲಾಗಿ ಬಂದ ಮೂಲಧನ. ಮಾಸಾಶನವು ಆದಾಯವಿಲ್ಲದವನಿಗೆ ಸಲ್ಲುವ ಆಸರೆ. ಈ ಭೇದವು ಮನಸ್ಸಿನಲ್ಲಿ ನಿಂತರೆ ಮುಂದಿನದೆಲ್ಲಾ ಸುಲಭವಾಗುವುದು.

4. ಒಂದು ಮತ್ತೊಂದನ್ನು ನುಂಗುವುದೇ?

ಮೊದಲನೆಯ ಮಾತು: ಮಾಸಾಶನ ಬರುತ್ತಿದೆಯೆಂಬ ಕಾರಣದಿಂದ ಯಜಮಾನನ ಹೊಣೆಯು ಒಂದು ರೂಪಾಯಿಯಷ್ಟೂ ಕಡಿಮೆಯಾಗದು. ಮೇಲೆ ತೋರಿಸಿದ ಎಣಿಕೆಯಲ್ಲಿ ಕೂಲಿ, ವಯಸ್ಸು, ನಷ್ಟ ಇವು ಮೂರೇ ಇರುವುವು. ಸರ್ಕಾರದ ಸಹಾಯವನ್ನು ಕಳೆಯುವುದಕ್ಕೆ ಅಲ್ಲಿ ಸ್ಥಳವಿಲ್ಲ.

ಎರಡನೆಯ ಮಾತು: ಪರಿಹಾರವನ್ನು ಪಡೆದನೆಂಬ ಒಂದೇ ಕಾರಣದಿಂದ ಅಂಗವೈಕಲ್ಯವು ಮಾಯವಾಗುವುದಿಲ್ಲ. ಆದರೆ ಆ ಹಣವನ್ನು ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬರುವುದು. ಅದರಿಂದ ಜಮೀನು ಕೊಂಡರೆ ಫಸಲು ಬರುವುದು. ಇವು ವರ್ಷಂಪ್ರತಿ ಬರುವ ಆದಾಯ. ಕುಟುಂಬದ ಆದಾಯವು ಮಿತಿಯನ್ನು ಮೀರಿದರೆ ಮಾಸಾಶನವು ನಿಲ್ಲಬಹುದು. ಸ್ವಂತ ಬಳಕೆಗಾಗಿ ನಾಲ್ಕು ಚಕ್ರದ ವಾಹನವನ್ನು ಕೊಂಡರೆ ಬಡತನದ ಪಡಿತರ ಚೀಟಿಗೂ ಕುತ್ತು ಬರುವುದು. ಆದಕಾರಣ ಮಾಸಾಶನಕ್ಕೆ ಧಕ್ಕೆ ಬರುವುದು ಪರಿಹಾರ ಪಡೆದುದರಿಂದಲ್ಲ, ಅದರಿಂದ ಹುಟ್ಟಿದ ಆದಾಯದಿಂದ.

ಹಾಗೆ ನಿಂತರೆ ನಷ್ಟವೇ? ಲೆಕ್ಕವನ್ನು ನೋಡೋಣ. ಮೇಲಿನ ಉದಾಹರಣೆಯ 7,48,728 ರೂಪಾಯಿಗೆ ವರ್ಷಕ್ಕೆ ನೂರಕ್ಕೆ 6ರಂತೆ ಬಡ್ಡಿ ಬಂದರೂ 44,923 ರೂಪಾಯಿ, ಎಂದರೆ ತಿಂಗಳಿಗೆ 3,743 ರೂಪಾಯಿ ಆಗುವುದು. ಅಸಲು ಹಾಗೆಯೇ ಉಳಿಯುವುದು. ಮಾಸಾಶನದ ಆಸೆ ತೋರಿಸಿ ಪರಿಹಾರವನ್ನು ಬಿಡಿಸುವುದು, ಮಜ್ಜಿಗೆಯ ಆಸೆ ತೋರಿಸಿ ಕರೆಯುವ ಹಸುವನ್ನೇ ಹೊಡೆದುಕೊಂಡು ಹೋದಂತೆ.

ಮೂರನೆಯ ಮಾತು: ಅಂಗವಿಕಲರ ಸೌಲಭ್ಯಗಳೆಲ್ಲವೂ ಬಡತನವನ್ನು ಅವಲಂಬಿಸಿಲ್ಲ. ವಿಶಿಷ್ಟ ಗುರುತಿನ ಚೀಟಿ, ಸರ್ಕಾರಿ ನೌಕರಿಯಲ್ಲಿ ನೂರಕ್ಕೆ 4ರ ಮೀಸಲಾತಿ, ಉನ್ನತ ಶಿಕ್ಷಣದಲ್ಲಿ ನೂರಕ್ಕೆ 5ರ ಮೀಸಲಾತಿ ಇವು ವೈಕಲ್ಯವನ್ನು ನೋಡಿ ಕೊಡತಕ್ಕವು. ಪರಿಹಾರ ಬಂದಿತೆಂದು ಇವು ಹೋಗುವುದಿಲ್ಲ.

ನಾಲ್ಕನೆಯ ಮಾತು: ಆಳು ತಾನೇ ಕಂತು ಕಟ್ಟಿ ಮಾಡಿಸಿಕೊಂಡ ವಿಮೆಯು ಬೇರೆಯದೇ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದ, 18ರಿಂದ 70 ವರ್ಷದೊಳಗಿನವನಿಗೆ ಅಪಘಾತದಿಂದ ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ 1 ಲಕ್ಷ ರೂಪಾಯಿ, ಮರಣಕ್ಕೆ 2 ಲಕ್ಷ ರೂಪಾಯಿ ಸಲ್ಲುವುದು. ಸ್ವಂತ ಕಂತಿನಿಂದ ಬಂದ ಜೀವವಿಮೆಯ ಹಣವನ್ನು ಮೋಟಾರು ಅಪಘಾತದ ಪರಿಹಾರದಲ್ಲಿ ಕಳೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1998ರಲ್ಲಿಯೇ ತೀರ್ಮಾನಿಸಿದೆ. ಆದರೆ ಅದೇ ನಷ್ಟಕ್ಕಾಗಿಯೇ ಸರ್ಕಾರವು ಮೃತ ನೌಕರನ ಸಂಬಳವನ್ನು ಕುಟುಂಬಕ್ಕೆ ಕೊಡುತ್ತಿದ್ದ ಒಂದು ಮೊಕದ್ದಮೆಯಲ್ಲಿ, ಅಷ್ಟನ್ನು ಕಳೆಯಬೇಕೆಂದು 2016ರಲ್ಲಿ ಹೇಳಿದೆ. ಒಂದೇ ನಷ್ಟಕ್ಕೆ ಎರಡು ಸಾರಿ ಭರ್ತಿಯಿಲ್ಲ. ಬೇರೆ ಬೇರೆ ಮೂಲದಿಂದ ಬೇರೆ ಬೇರೆ ಕಾರಣಕ್ಕೆ ಬಂದುದು ಒಂದನ್ನೊಂದು ಅಳಿಸದು. ಎರಡು ತೀರ್ಪುಗಳ ಸಾರವಿದು.

5. ಒಂದನ್ನೇ ಆರಿಸಬೇಕಾದ ಸಂದರ್ಭಗಳು

ಎರಡು ಕಡೆ ಕೇಳಲಾಗದ ಸಂದರ್ಭಗಳೂ ಉಂಟು. ಟ್ರಾಕ್ಟರು ಮೊದಲಾದ ಮೋಟಾರು ವಾಹನದಿಂದ ಕೆಲಸಗಾರನಿಗೆ ಗಾಯವಾದರೆ, ಮೋಟಾರು ಅಪಘಾತದ ನ್ಯಾಯಮಂಡಳಿಗಾದರೂ ಹೋಗಬಹುದು, ಕಾರ್ಮಿಕರ ಪರಿಹಾರವನ್ನಾದರೂ ಕೇಳಬಹುದು. ಎರಡನ್ನೂ ಕೇಳುವಂತಿಲ್ಲವೆಂದು 1988ರ ಮೋಟಾರು ವಾಹನ ಕಾಯಿದೆಯು ವಿಧಿಸಿದೆ. ಯಾವುದು ಹಿತವೆಂಬುದನ್ನು ಮೊದಲೇ ವಕೀಲರನ್ನು ಕೇಳಿ ನಿಶ್ಚಯಿಸಬೇಕು.

ಹಳ್ಳಿಯ ಯುವಕನು ಕಾರ್ಖಾನೆ ಮೊದಲಾದ ಕಡೆ ದುಡಿಯುತ್ತಾ ಇ.ಎಸ್.ಐ. ವಿಮೆಗೆ ಸೇರಿದ್ದರೆ, ಗಾಯಕ್ಕೆ ಸಲ್ಲುವ ಸೌಲಭ್ಯವನ್ನು ಆ ವಿಮೆಯಿಂದಲೇ ಪಡೆಯಬೇಕು. ಅದೇ ಗಾಯಕ್ಕಾಗಿ ಯಜಮಾನನಿಂದ ಬೇರೆ ಪರಿಹಾರವನ್ನು ಕೇಳುವ ಹಕ್ಕು ಅವನಿಗಿಲ್ಲ.

6. ಎರಡು ಶೇಕಡಾ ಪ್ರಮಾಣಗಳು ಒಂದೇ ಅಲ್ಲ

ಇಲ್ಲಿ ಬಹು ಜನರು ಮೋಸಹೋಗುವರು. ವೈದ್ಯರು ಗುರುತಿನ ಚೀಟಿಗಾಗಿ ಬರೆಯುವ ಪ್ರಮಾಣವು ದೇಹದ ವೈಕಲ್ಯದ್ದು. ಪರಿಹಾರಕ್ಕೆ ಬೇಕಾದುದು ದುಡಿಯುವ ಶಕ್ತಿಯ ನಷ್ಟದ ಪ್ರಮಾಣ. ಇವೆರಡೂ ಒಂದೇ ಆಗಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2010ರ ಒಂದು ಮೋಟಾರು ಅಪಘಾತದ ಮೊಕದ್ದಮೆಯಲ್ಲಿ ವಿವರವಾಗಿ ತಿಳಿಸಿದೆ. ಅದಕ್ಕೂ ಬಹು ಹಿಂದೆ, 1975ರ ಡಿಸೆಂಬರಿನಲ್ಲಿ, ಬಡಗಿಯೊಬ್ಬನ ಎಡಗೈಯನ್ನು ಮೊಳಕೈಗಿಂತ ಮೇಲೆ ಕತ್ತರಿಸಬೇಕಾಗಿ ಬಂದಿದ್ದ ಮೊಕದ್ದಮೆಯಲ್ಲಿ, ಒಂದೇ ಕೈಯಿಂದ ಬಡಗಿಯ ಕೆಲಸ ಸಾಗದಾದ್ದರಿಂದ ಅವನ ನಷ್ಟವು ನೂರಕ್ಕೆ ನೂರು ಎಂದು ಅದೇ ನ್ಯಾಯಾಲಯವು ಎತ್ತಿಹಿಡಿಯಿತು. ಕಾಲು ಹೋದ ಗುಮಾಸ್ತನು ಬರೆಯಬಲ್ಲನು. ಕಾಲು ಹೋದ ಉಳುವವನು ಏನು ಮಾಡಿಯಾನು? ಆದುದರಿಂದ ಗಾಯಗೊಂಡವನು ಯಾವ ಕೆಲಸದಿಂದ ಜೀವಿಸುತ್ತಿದ್ದನೆಂಬ ಸಾಕ್ಷ್ಯವನ್ನು ತಪ್ಪದೆ ಒದಗಿಸಬೇಕು.

7. ಊರಿನ ರಾಜಿಯ ವಿಷಯ

ಊರ ಹಿರಿಯರು ಕೂಡಿ ವ್ಯಾಜ್ಯಗಳನ್ನು ತೀರಿಸುವುದು ನಮ್ಮ ನಾಡಿನ ಒಳ್ಳೆಯ ಪದ್ಧತಿ. ಆದರೆ ಈ ವಿಷಯದಲ್ಲಿ ಅದಕ್ಕೆ ಮಿತಿಯುಂಟು. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಆಳಿನಿಂದ ಬರೆಸಿಕೊಂಡ ಕರಾರು ಕಾನೂನಿನಲ್ಲಿ ನಿರರ್ಥಕ. ಮೊತ್ತವನ್ನು ಪರಸ್ಪರ ಒಪ್ಪಿದರೂ ಆ ಒಪ್ಪಂದವನ್ನು ಅಧಿಕಾರಿಗಳಲ್ಲಿ ದಾಖಲು ಮಾಡಿಸತಕ್ಕದ್ದು. ಮರಣದ ಪರಿಹಾರವನ್ನೂ ಹೆಂಗಸರಿಗೆ ಸಲ್ಲುವ ಇಡಿಗಂಟನ್ನೂ ನೇರವಾಗಿ ಕೈಗೆ ಕೊಡದೆ ಅಧಿಕಾರಿಗಳಲ್ಲಿ ಠೇವಣಿ ಇಡಬೇಕು. ಕೈಗೆ ಕೊಟ್ಟುದು ಪರಿಹಾರ ಕೊಟ್ಟಂತಾಗದು. ಕೊಟ್ಟಿದ್ದ ಮುಂಗಡವನ್ನು ಪರಿಹಾರದಲ್ಲಿ ಹಿಡಿದುಕೊಳ್ಳುವಂತಿಲ್ಲ. ಸಾಲಗಾರರು ಅದನ್ನು ಜಪ್ತಿ ಮಾಡಿಸುವಂತೆಯೂ ಇಲ್ಲ.

ಹಣವನ್ನು ಒಂದು ತಿಂಗಳಿನೊಳಗೆ ಕೊಡದಿದ್ದರೆ ಬಡ್ಡಿಯೂ, ಸಕಾರಣವಿಲ್ಲದ ವಿಳಂಬಕ್ಕೆ ಮೊತ್ತದ ಅರ್ಧದವರೆಗೆ ದಂಡವೂ ಬೀಳಬಹುದು. ದಾವೆಗೆ ಸಾಮಾನ್ಯವಾಗಿ ಎರಡು ವರ್ಷದ ಅವಧಿಯಿದೆ.

8. ಗ್ರಾಮಮುಖಂಡರೂ ಭೂಮಾಲೀಕರೂ ಮಾಡತಕ್ಕ ಕೆಲಸಗಳು

(1) ಅಪಘಾತವಾದ ಕೂಡಲೇ ದಿನ, ವೇಳೆ, ಯಂತ್ರ, ಸಾಕ್ಷಿಗಳ ಹೆಸರು, ಕೊಡುತ್ತಿದ್ದ ಕೂಲಿ ಇವನ್ನು ಬರೆದಿಡುವುದು. ಆಸ್ಪತ್ರೆಯಲ್ಲಿ "ಬಿದ್ದು ಗಾಯವಾಯಿತು" ಎಂದು ಸುಳ್ಳು ಬರೆಸದಿರುವುದು.

(2) ಪರಿಹಾರದ ದಾವೆಯು ನಡೆಯುತ್ತಿರುವಾಗಲೇ ಗುರುತಿನ ಚೀಟಿಗೂ ಮಾಸಾಶನಕ್ಕೂ ದರ್ಖಾಸ್ತು ಕೊಡಿಸುವುದು. ಒಂದಕ್ಕಾಗಿ ಮತ್ತೊಂದನ್ನು ತಡೆದಿಡುವ ಕಾರಣವಿಲ್ಲ.

(3) ಪರಿಹಾರದ ಹಣ ಬಂದಾಗ ಅದನ್ನು ಮರೆಮಾಚದಿರುವುದು. ಆದಾಯವನ್ನು ಮುಚ್ಚಿಟ್ಟು ಪಡೆದ ಮಾಸಾಶನವನ್ನು ಹಿಂದಕ್ಕೆ ವಸೂಲು ಮಾಡುವರು. ಆದರೆ ಅಸಲನ್ನೇ ವರ್ಷದ ಆದಾಯವೆಂದು ಯಾರಾದರೂ ಬರೆದರೆ, ಅಸಲೆಷ್ಟು ಬಡ್ಡಿಯೆಷ್ಟು ಎಂಬುದನ್ನು ಬ್ಯಾಂಕಿನ ಪುಸ್ತಕದೊಡನೆ ತಹಶೀಲ್ದಾರರಿಗೆ ತಿಳಿಸುವುದು.

(4) ಆ ಹಣವು ಮದುವೆ, ಜಾತ್ರೆ, ಬಂಧುಗಳ ಕೈಸಾಲಗಳಲ್ಲಿ ಕರಗದಂತೆ ನೋಡಿಕೊಳ್ಳುವುದು. ಹಣವೂ ಕರಗಿ ಮಾಸಾಶನವೂ ನಿಂತ ಮನೆಯ ಪಾಡು ಹೇಳತೀರದು.

(5) ಯಂತ್ರವನ್ನು ಇಟ್ಟುಕೊಂಡವರೂ ಆಳು ಕರೆಯುವವರೂ ಕೆಲಸಗಾರರ ಪರಿಹಾರದ ವಿಮೆಯನ್ನು ಸುಗ್ಗಿಗೆ ಮೊದಲೇ ಮಾಡಿಸುವುದು. ಟ್ರಾಕ್ಟರಿನ ವಿಮೆಯೊಂದೇ ಸಾಲದು. ಮಡ್‌ಗಾರ್ಡಿನ ಮೇಲೆ ಕುಳಿತವನ ವಿಷಯದಲ್ಲಿ ಕಂಪೆನಿಯವರು ಹೊಣೆಯನ್ನು ನಿರಾಕರಿಸುವರು.

(6) ಎಲ್ಲಕ್ಕಿಂತ ಮೊದಲು, ಅಪಘಾತವನ್ನು ತಡೆಯುವುದು. ಒಕ್ಕಣೆ ಯಂತ್ರದಿಂದ ಆಗುತ್ತಿದ್ದ ಅನಾಹುತಗಳನ್ನು ಕಂಡು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನೇ ಮಾಡಲಾಯಿತು. ತೆನೆ ಹಾಕುವ ದೋಣಿಯು 90 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಉದ್ದವಿದ್ದು, ಯಂತ್ರದ ಕಡೆಯ 45 ಸೆಂಟಿಮೀಟರು ಮೇಲೆ ಮುಚ್ಚಿರಬೇಕು; ಹಾಗಿದ್ದರೆ ಕೈಯು ಉರುಳೆಯನ್ನು ಮುಟ್ಟದು. ಬೆಲ್ಟಿಗೆ ತಡೆ ಇರಬೇಕು. ಸಡಿಲವಾದ ಪಂಚೆ, ಸೆರಗು, ಬಳೆ ತೊಟ್ಟವರನ್ನೂ ಕುಡಿದವರನ್ನೂ ಮಕ್ಕಳನ್ನೂ ಯಂತ್ರದ ಬಳಿ ಬಿಡಕೂಡದು. ನಿದ್ದೆಗೆಟ್ಟ ಆಳಿನಿಂದ ರಾತ್ರಿಯೆಲ್ಲಾ ತೆನೆ ಹಾಕಿಸಕೂಡದು.

ಸಮಾಪ್ತಿ

ಮೇಲೆ ಹೇಳಿದ ಆ ಕೂಲಿಯಾಳು ಪರಿಹಾರದ ಒಂದು ಭಾಗದಿಂದ ಎರಡು ಕರೆಯುವ ಹಸುಗಳನ್ನು ಕೊಂಡು, ಉಳಿದುದನ್ನು ಠೇವಣಿ ಇಟ್ಟನು. ಆದಾಯವನ್ನು ಮುಚ್ಚಿಡಲಿಲ್ಲ. ಮುಂದಿನ ಪರಿಶೀಲನೆಯಲ್ಲಿ ಮಾಸಾಶನವು ನಿಂತಿತು. ನಾನು ಸಂಕೋಚದಿಂದ ವಿಚಾರಿಸಿದಾಗ ಅವನು, "ಸ್ವಾಮಿ, ಕೊಡುವವರ ಮುಂದೆ ಕೈ ಚಾಚುವುದು ತಪ್ಪಿತಲ್ಲ, ಇರೋದು ಒಂದೇ ಕೈ" ಎಂದನು. ಯಜಮಾನರೂ ಈಗ ಪ್ರತಿವರ್ಷ ಕಾರ್ತೀಕದಲ್ಲಿಯೇ ವಿಮೆಯ ಕಂತನ್ನು ಕಟ್ಟುತ್ತಾರೆ. ಯಂತ್ರದ ದೋಣಿಗೆ ತಗಡಿನ ಮುಚ್ಚಳವನ್ನು ಹಾಕಿಸಿದ್ದಾರೆ.

ಗ್ರಾಮದ ಹಿರಿಯರ ಮಾತಿಗೆ ಬಡವನು ಎದುರಾಡುವುದಿಲ್ಲ. ಆದಕಾರಣವೇ ಆ ಮಾತು ಸರಿಯಾಗಿರಬೇಕಾದುದು ಅವಶ್ಯ. ಈ ಸುಗ್ಗಿಯಲ್ಲಿ ಕಣಕ್ಕೆ ಯಂತ್ರವನ್ನು ಇಳಿಸುವ ಮೊದಲು ಪ್ರತಿಯೊಬ್ಬ ಹಿಡುವಳಿದಾರರೂ ಯಂತ್ರದ ದೋಣಿಯನ್ನೂ ವಿಮೆಯ ಕಾಗದವನ್ನೂ ಒಮ್ಮೆ ನೋಡಿಕೊಳ್ಳಬೇಕೆಂದು ಪ್ರಾರ್ಥನೆ.